ಮಾವನ ಕಥೆಯೊಳಗಿನ ಸದ್ದು

ರೆಕಾರ್ಡಿಂಗಿನಿಂದ ಬೇಡದ ಸದ್ದು ತೆಗೆದುಕೊಡುವವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಾನು ಬರೆಯುತ್ತಿರುವುದು ಇದೇ ಮೊದಲು, ಆದ್ದರಿಂದ ಎಲ್ಲವನ್ನೂ ವಿವರಿಸಿಬಿಡುತ್ತೇನೆ. ನಾಪೋಕ್ಲಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ ವೀಡಿಯೋಗಳಿಂದ ಜನರೇಟರ್ ಸದ್ದು ತೆಗೆಯಲು ಕಲಿತೆ. ಸುದ್ದಿ ಹರಡಿತು. ಮಾವ ಬಂದರು.

ಮಾವ ಎಂದರೆ ನನ್ನ ಸ್ವಂತ ಮಾವ ಅಲ್ಲ. ಭಾಗಮಂಡಲದ ಕಡೆಯ ಹಿರಿಯ ಕೃಷಿಕರು. ವಯಸ್ಸಿಗೆ ಮರ್ಯಾದೆ ಕೊಟ್ಟು ಹಾಗೆ ಕರೆಯುತ್ತೇನೆ. ಒಂದು ಸಣ್ಣ ರೇಡಿಯೋ ಕೇಂದ್ರದವರು ಅವರಿಗೆ, ಊರಿನ ಹಳೆಯ ಕಥೆಗಳನ್ನು ರೆಕಾರ್ಡ್ ಮಾಡಿ ಕಳಿಸಿ, ಆದರೆ ಸದ್ದುಗದ್ದಲ ಇರಬಾರದು ಎಂದಿದ್ದರು. ತಮ್ಮ ದನಿ ರೇಡಿಯೋದಲ್ಲಿ ಬರುತ್ತದೆಂದು ಮಾವ ಬಸ್ಸಿನ ಕಂಡಕ್ಟರಿಗೆ, ದೇವಸ್ಥಾನದ ಭಟ್ಟರಿಗೆ, ರೇಷನ್ ಅಂಗಡಿಯ ಇಡೀ ಸಾಲಿಗೆ ಆಗಲೇ ಹೇಳಿ ಮುಗಿಸಿದ್ದರು.

೧. ಮಳೆ

ಮೊದಲ ಸಲ ಅವರು ಫೋನಿನಲ್ಲಿ ತಂದ ಕಥೆ ತಗಡಿನ ಮಾಡಿನ ಕೆಳಗೆ, ಜುಲೈ ತಿಂಗಳಲ್ಲಿ ಹೇಳಿದ್ದು. ಮಾಡು ಎಂದರೆ ಸೂರು. ಕೇಳಿದರೆ ಮಳೆಯೇ ಕಥೆ ಹೇಳುತ್ತಿದೆ, ಮಾವ ನಡುನಡುವೆ ಬಾಯಿ ಹಾಕುತ್ತಿದ್ದಾರೆ ಅನಿಸುತ್ತಿತ್ತು.

"ಮಳೆ ತೆಗಿ ಮಾರಾಯ" ಎಂದರು.

ತೆಗೆದೆ. ಮಳೆಯ ಜೊತೆ ಅವರ ಅರ್ಧ ದನಿಯೂ ಹೋಯಿತು. ಉಳಿದದ್ದು ಹೊಳೆಯ ತಳದಿಂದ ಯಾರೋ ಕೂಗಿದ ಹಾಗಿತ್ತು.

"ಮಾವ, ಮಳೆ ನಿಂತ ಮೇಲೆ ರೆಕಾರ್ಡ್ ಮಾಡಿದರೆ ಆಗುವುದಿಲ್ಲವಾ?"

"ಅವರು ಕೇಳಿದ್ದು ಶುಕ್ರವಾರಕ್ಕೆ. ಅಕ್ಟೋಬರಿಗಲ್ಲ."

೨. ಮೂಟೆ

ಕಾಫಿ ಮೂಟೆಗಳ ನಡುವೆ ಕೂತು ಹೇಳಿ ಎಂದು ಸಲಹೆ ಕೊಟ್ಟೆ. ಮೂಟೆ ಸದ್ದನ್ನು ಹೀರಿಕೊಳ್ಳುತ್ತದೆ. ಎರಡನೇ ಸಲ ಮಳೆ ಬಹಳ ಕಡಿಮೆಯಿತ್ತು, ಆದರೆ ಹಿಂದೆ ಒಂದು ಹೆಣ್ಣು ದನಿ ಪಿಸುಗುಟ್ಟುತ್ತಿತ್ತು.

"ಅದು ನಿನ್ನ ಅತ್ತೆ. ತೆಗಿ" ಎಂದರು ಮಾವ. ಅತ್ತೆ ಎಂದರೆ ಅವರ ಹೆಂಡತಿ.

ಒಂದು ಪಿಸುಮಾತೂ ಬಿಡದೆ ತೆಗೆದೆ. ಇಬ್ಬರೂ ಕೂತು ಕೇಳಿದೆವು.

"ಒಂದು ಊರಲ್ಲಿ ಒಂದು ಹುಲಿ ಇತ್ತು. ಅದು ಹೆಣ್ಣು ಕೇಳಲಿಕ್ಕೆ..." ಮೌನ. "ಹಾಂ, ಗೌಡರ ಮನೆಗೆ ಹೋಯಿತು. ಗೌಡರು ಒಳಗಿಂದ..." ಮೌನ. "ನಂಗೆ ಗೊತ್ತುಟ್ಟು, ಹೇಳ್ತೇನೆ!" ಮತ್ತೂ ದೊಡ್ಡ ಮೌನ. "ಕೋವಿ. ಕೋವಿ ತಂದರು."

ಗೊತ್ತುಟ್ಟು ಎಂದರೆ ಅರೆಭಾಷೆಯಲ್ಲಿ ಗೊತ್ತಿದೆ ಎಂದು ಅರ್ಥ.

ಮಾವ ಕಂಪ್ಯೂಟರ್ ಕಡೆ ನೋಡಿ, "ಇದು ಯಾಕೋ ಜಾಸ್ತಿ ತೆಗೆದುಬಿಟ್ಟಿದೆ" ಎಂದರು.

೩. ಬಾಗಿಲಲ್ಲಿ ಹುಲಿ

ಗುರುವಾರ ನಾನೇ ಮೈಕು ಹಿಡಿದುಕೊಂಡು ಬಸ್ಸು ಹತ್ತಿ ಅವರ ಮನೆಗೆ ಹೋದೆ. ಮಾವನ ಅಪ್ಪಣೆಯಂತೆ ಅತ್ತೆ ಅಡುಗೆಮನೆಯಲ್ಲೇ ಇರಬೇಕು, ಬಾಯಿ ತೆರೆಯಬಾರದು.

ಮಾವ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಹುಲಿ ಕಾಡು ದಾಟಿತು, ಗದ್ದೆ ದಾಟಿತು, ಗೌಡರ ಬಾಗಿಲಿಗೆ ಬಂದು ನಿಂತಿತು. ನಿಂತೇ ಇತ್ತು. ಮಾವ ಅಡುಗೆಮನೆ ಕಡೆ ನೋಡಿದರು. ಮಾಡು ನೋಡಿದರು. ನನ್ನನ್ನೂ ನೋಡಿದರು. ನಾನು ಕುಶಾಲನಗರದ ಕಡೆಯವನು, ನನಗೆ ಆ ಕಥೆ ಗೊತ್ತಿಲ್ಲ.

ಕೊನೆಗೆ ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದರು. "ಆ ಹುಲಿಯನ್ನು ಎಷ್ಟು ಹೊತ್ತು ಹೊರಗೆ ನಿಲ್ಲಿಸ್ತೀರಿ? ಹೆಣ್ಣು ಕೇಳಲಿಕ್ಕೆ ಬಂದದ್ದು, ಒಂದು ಲೋಟ ಕಾಫಿ ಆದರೂ ಕೊಡಿ" ಎಂದು ಅಲ್ಲೇ ಕೂತು ಕಥೆಯನ್ನು ಮೊದಲಿನಿಂದ ಹೇಳಿದರು.

ನಾನು ಮೈಕು ಆರಿಸಲೇ ಇಲ್ಲ. ಮಾವ ಪಕ್ಕದಲ್ಲಿ ಕೂತು ಒಂದೊಂದು ಮಾತಿಗೂ "ಹೂಂ" ಎನ್ನುತ್ತಿದ್ದರು. ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ.

೪. ಒಂದು ಹೂಂ

ಅತ್ತೆ ಹೇಳಿದ ಕಥೆಯನ್ನೇ ಶುಕ್ರವಾರ ಕಳಿಸಿದೆ. ಮಾರನೇ ದಿನ ರೇಡಿಯೋದವರ ಫೋನು ಬಂತು. "ಅಮ್ಮ ಬಹಳ ಚೆನ್ನಾಗಿ ಹೇಳಿದ್ದಾರೆ. ಆದರೆ ಹಿಂದೆ ಯಾರೋ ಗಂಡಸು ಹೂಂ ಹೂಂ ಅಂತಿದ್ದಾರೆ. ಆ ಸದ್ದು ತೆಗೆದುಕೊಡಿ."

ಕಂಡಕ್ಟರು, ಭಟ್ಟರು, ರೇಷನ್ ಅಂಗಡಿಯ ಸಾಲಿನವರು ಎಲ್ಲ ಕಣ್ಣ ಮುಂದೆ ಬಂದರು. ಇವರಿಗೆಲ್ಲ ಮಾವ ಇನ್ನು ಏನು ಹೇಳಬೇಕು? ಮಾವನಿಗೆ ಹೇಳಲು ಧೈರ್ಯ ಸಾಲದೆ ಅತ್ತೆಗೆ ಫೋನು ಮಾಡಿದೆ.

"ಒಟ್ಟು ಎಷ್ಟು ಹೂಂ ಉಂಟು?" ಎಂದು ಕೇಳಿದರು.

"ನಲವತ್ತೊಂದು, ಅತ್ತೆ."

"ಒಂದು ಬಿಡು. ಪಾಪ, ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ."

"ಯಾವುದು ಬಿಡಲಿ?"

ಅತ್ತೆ ಯೋಚಿಸಿದರು. "ಹುಲಿ ಹೆದರಿ ಓಡಿತಲ್ಲ, ಅದರ ನಂತರದ್ದು. ಅದರಲ್ಲಿ ಸ್ವಲ್ಪ ಗತ್ತು ಉಂಟು."

ರೇಡಿಯೋದವರನ್ನು ಕಾಡಿಬೇಡಿ ಒಪ್ಪಿಸಿದೆ. ನಲವತ್ತು ಹೂಂ ತೆಗೆದು ಒಂದನ್ನು ಉಳಿಸಿದೆ. ಕಥೆ ಪ್ರಸಾರವಾಯಿತು.

ಮರುದಿನ ಬೆಳಗ್ಗೆ ಮಾವ ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದರು. ನಾನು ಎದ್ದು ನಿಂತು, ಕ್ಷಮೆ ಕೇಳಲು ಬಾಯಿ ತೆರೆದೆ.

ಮಾವ ಕೈಯೆತ್ತಿ ತಡೆದರು.

"ನನ್ನ ಭಾಗ ಸ್ವಲ್ಪ ಚಿಕ್ಕದಾಯಿತು, ಪರವಾಗಿಲ್ಲ" ಎಂದರು. "ಭಟ್ಟರು ಕೇಳಿ ಹೇಳಿದರು, ನಾನು ಒಂದು ಕಡೆಯೂ ತಡವರಿಸಲಿಲ್ಲವಂತೆ."