ಕರ್ತೃವಿಲ್ಲದ ‘ಕಳಿಸುವ’

ಸಿಟ್ಟು ಬಂದಾಗ ಎಲ್ಲರ ಸ್ವರ ಏರುತ್ತದೆ, ನನ್ನದು ಇಳಿಯುತ್ತದೆ. ಇದರಿಂದ ನನಗಾಗಿರುವ ನಷ್ಟ ಸಣ್ಣದಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ, ಮದುವೆ ಕಾಗದಗಳ ವಿನ್ಯಾಸ ಮಾಡುವ ಆಫೀಸೊಂದಕ್ಕೆ ನಾನು ಮ್ಯಾನೇಜರ್. ನಾನು ಕುದಿಯುತ್ತಿರುವಾಗೆಲ್ಲ ನನ್ನ ಸಿಬ್ಬಂದಿ, ಮೇಡಂ ಇವತ್ತು ಶಾಂತವಾಗಿದ್ದಾರೆ ಎಂದುಕೊಂಡು ಚಹಾಕ್ಕೆ ಹೋಗುತ್ತಾರೆ.

ಸಿಬ್ಬಂದಿ ಎಂದರೆ ಇಬ್ಬರೇ. ಜಗನ್ನಾಥಣ್ಣ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದವರು. ನನ್ನನ್ನು ‘ಮೇಡಂ’ ಎಂದು ಕರೆದರೂ ಅದರಲ್ಲಿ ‘ಮಗೂ’ ಎಂಬ ಧ್ವನಿ ಇರುತ್ತದೆ. ಸಿಂಚನಾ ಹೋದ ತಿಂಗಳಷ್ಟೇ ಚಿತ್ರದುರ್ಗದಿಂದ ಬಂದವಳು. ಒಂದು ಕಿವಿಯ ಇಯರ್‌ಫೋನ್ ತೆಗೆದರೆ ಹಿರಿಯರಿಗೆ ಎದ್ದು ನಿಂತಷ್ಟೇ ಗೌರವವಾಯಿತು ಎಂದು ನಂಬಿದವಳು. ಬೇರೆ ಬೇರೆ ತಲೆಮಾರಿನವರನ್ನು ಹೇಗೆ ನಿಭಾಯಿಸಬೇಕೆಂದು ನನಗೆ ಎಂಬಿಎಯಲ್ಲಿ ಒಂದಿಡೀ ಪತ್ರಿಕೆಯೇ ಇತ್ತು. ತಾಳ್ಮೆಯ ಬಗ್ಗೆ ಬೇಕಾದಷ್ಟು ಹೇಳಿದರು. ವ್ಯಾಕರಣದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ನಿನ್ನೆ ನಮ್ಮ ಗಿರಾಕಿ ಹಮೀದಾಕನ ಮಗಳ ನಿಕಾಹ್ ಕಾಗದದ ಫೈಲು ಗುರುವಾಯನಕೆರೆಯ ಪ್ರೆಸ್ಸಿಗೆ ಹೋಗಬೇಕಿತ್ತು. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ನೆನಪಿಸಿದೆ. ಜಗನ್ನಾಥಣ್ಣ ತಕ್ಷಣ ಉತ್ತರಿಸಿದರು: ‘ಈಗಲೇ ಕಳಿಸುವ.’ ನಾನು ನೆಮ್ಮದಿಯಿಂದ ಮನೆಗೆ ಹೋದೆ.

ಇವತ್ತು ಬೆಳಿಗ್ಗೆ ಹಮೀದಾಕ ಕೌಂಟರಿನೆದುರು ನಿಂತಿದ್ದರು. ಕಾಗದ ಇರಲಿಲ್ಲ.

“ನಾಳೆ ಬಂಟ್ವಾಳಕ್ಕೆ ಕರೆಯಲಿಕ್ಕೆ ಹೋಗ್ಬೇಕು ಮೇಡಂ. ನನ್ನ ದೊಡ್ಡಪ್ಪನ ಮಕ್ಕಳು ಕೈಗೆ ಕಾಗದ ಕೊಡದೆ ಮದುವೆಗೆ ಬರ್ಲಿಕ್ಕಿಲ್ಲ. ಆಮೇಲೆ ಸಾಯುವವರೆಗೆ ಅದನ್ನೇ ಹೇಳ್ತಾರೆ ಮಾರಾಯ್ರೆ!”

ನನ್ನ ಸ್ವರ ಪಿಸುಮಾತಿಗೆ ಇಳಿಯಿತು. “ಯಾಕೆ ಕಳಿಸಲಿಲ್ಲ?”

“ನಾನು ಕಳಿಸುವ ಅಂತ ಹೇಳಿದ್ದೆನಲ್ಲ!” ಜಗನ್ನಾಥಣ್ಣನಿಗೆ ನಿಜವಾಗಿಯೂ ಆಶ್ಚರ್ಯ. “ಕಂಪ್ಯೂಟರ್ ಅವಳ ಹತ್ರ ಉಂಟು. ಕಳಿಸುವ ಅಂದ್ರೆ ಅವಳು ಕಳಿಸುವುದು. ಅಷ್ಟೂ ಗೊತ್ತಾಗುದಿಲ್ವಾ?”

ಸಿಂಚನಾ ಒಂದು ಇಯರ್‌ಫೋನ್ ತೆಗೆದಳು. “ಕಳಿಸುವ... ಏನು ಅಣ್ಣಾ? ಕಳಿಸುವ ಫೈಲಾ, ಕಳಿಸುವ ಹುಡುಗಿನಾ? ವಾಕ್ಯ ಮುಗಿದೇ ಇರಲಿಲ್ಲ ಮೇಡಂ. ಇನ್ನೂ ಟೈಪ್ ಮಾಡ್ತಿದಾರೆ ಅಂತ ಆರೂವರೆ ತನಕ ಕಾದೆ.”

“ಇವಳಿಗೆ ಕನ್ನಡ ಬರುದಿಲ್ಲ ಮೇಡಂ.”

“ನನಗಾ? ದುರ್ಗದವಳಿಗಾ?”

ಒಬ್ಬ ತಂದೆ ನೆಂಟರ ಮುಂದೆ ತಲೆ ತಗ್ಗಿಸುವ ಹೊತ್ತಿನಲ್ಲಿ ಇವರಿಗೆ ಭಾಷಾಭಿಮಾನ! ‘ಮಾಡೋಣ, ನೋಡೋಣ’ ಎನ್ನಲು ನಾವು ಕರಾವಳಿಯವರು ಹೇಳುವ ಈ ‘ಮಾಡುವ, ನೋಡುವ, ಕಳಿಸುವ’ಗಳಲ್ಲಿ ಎಲ್ಲರೂ ಇದ್ದಾರೆ, ಆದ್ದರಿಂದಲೇ ಯಾರೂ ಇಲ್ಲ. ಇನ್ನು ಮುಂದೆ ಈ ಆಫೀಸಿನಲ್ಲಿ ಆ ಶಬ್ದ ಕೇಳಬಾರದು, ‘ನಾನು ಮಾಡ್ತೇನೆ’ ಎಂದೇ ಹೇಳಬೇಕು ಎಂದು, ನನ್ನ ಮಟ್ಟಿಗೆ ಗುಡುಗಿದೆ. ಜಗನ್ನಾಥಣ್ಣ, “ಸ್ವಲ್ಪ ಜೋರು ಹೇಳಿ ಮೇಡಂ, ಕೇಳ್ಲಿಲ್ಲ” ಎಂದರು.

ಫೈಲನ್ನು ನಾನೇ ಕಳಿಸಿದೆ. ಪ್ರೆಸ್ಸಿನವರ ಕಾಲು ಹಿಡಿದೆ. ಸಂಜೆಗೆ ಅಚ್ಚಾಗುತ್ತದೆ, ಆದರೆ ತಂದುಕೊಡಲು ಜನವಿಲ್ಲ ಎಂದರು.

“ಹಾಗಾದ್ರೆ ಇವತ್ತು ಕೈಗೆ ಸಿಗ್ತದಾ ಮೇಡಂ?” ಹಮೀದಾಕನ ಮುಖ ನೋಡಲಾಗಲಿಲ್ಲ.

“ಹೆದರಬೇಡಿ ಹಮೀದಾಕ,” ಎಂದೆ. “ಹೋಗಿ ತರುವ.”

ಸಿಂಚನಾ ಎರಡನೆಯ ಇಯರ್‌ಫೋನನ್ನೂ ತೆಗೆದಳು.

“ಯಾರು ಮೇಡಂ?”

ಇದನ್ನು ಗುರುವಾಯನಕೆರೆಯ ಬಸ್ಸಿನಲ್ಲಿ, ನಿಂತುಕೊಂಡೇ ಬರೆಯುತ್ತಿದ್ದೇನೆ.