ಜೀಪಿಗೆ ಉಸಿರಾಡಲು ಅನುಮತಿ ನೀಡುವ ಕುರಿತು

ಹೆಸರು ಹೇಳಲಿಚ್ಛಿಸದ ಇಲಾಖೆ
ಉಪವಿಭಾಗ ಕಚೇರಿ, ದಾಂಡೇಲಿ

ಸಂಖ್ಯೆ: ಹೆಹೇಇ/ಜೀಪು/ಉಸಿರು/ಸಾಮಾನ್ಯ
ದಿನಾಂಕ: ಮೊಹರಿನಲ್ಲಿ ಓದಲು ಬಂದಷ್ಟು

ವಿಷಯ: ಕಚೇರಿಯ ಹಳೆಯ ಫೋರ್ ವೀಲ್ ಡ್ರೈವ್ ಜೀಪಿನ ಮುಚ್ಚಿದ ಬಾಯಿಗಳನ್ನು ತೆರೆಯುವ ಹಾಗೂ ಚಾಲಕ ಶ್ರೀ ಗೂಳಪ್ಪ ಇವರ ಮೇಲೆ ತೆರೆದ ಎಣ್ಣೆ ಕಳವಿನ ವಿಚಾರಣೆಯನ್ನು ಮುಚ್ಚುವ ಬಗ್ಗೆ.

ಉಲ್ಲೇಖ: 1. ಇದೇ ಕಚೇರಿಯ ಹಿಂದಿನ ಸುತ್ತೋಲೆ, ‘ಜೀಪಿನ ಸಕಲ ರಂಧ್ರಗಳ ಭದ್ರತೆ’.
2. ಮೆಕ್ಯಾನಿಕ್ ಶ್ರೀ ದಾವಲಸಾಬ ಇವರ ಮೌಖಿಕ ವರದಿ.
3. ಸಾಹೇಬರ ಬಿಳಿ ಅಂಗಿ.

ಮೇಲ್ಕಂಡ ವಿಷಯವಾಗಿ ಎಲ್ಲ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ:

1. ಸೂಪಾದ ಆಚೆಗೆ, ಜೋಯಿಡಾದ ಒಳಹಳ್ಳಿಗಳಿಗೆ ಹಳ್ಳ ದಾಟಿ ಹೋಗಬಲ್ಲ ವಾಹನ ಕಚೇರಿಯಲ್ಲಿ ಈ ಜೀಪು ಒಂದೇ. ಅದನ್ನು ದಾಟಿಸಬಲ್ಲವರು ಶ್ರೀ ಗೂಳಪ್ಪ ಒಬ್ಬರೇ. ವಯಸ್ಸಾದ ಜೀಪುಗಳೆಲ್ಲ ಮಾಡುವಂತೆ ಇದೂ ಅಲ್ಲಲ್ಲಿ ಎಣ್ಣೆ ಜಿನುಗಿಸುತ್ತಿತ್ತು. ಕಚೇರಿಯ ಮುಖ್ಯಸ್ಥರಾದ ಶ್ರೀ ಮಹಾಬಳೇಶ್ವರ ಸಾಹೇಬರು ಇದು ಜಿನುಗಲ್ಲ, ಕಳವು ಎಂದು ಕುರ್ಚಿಯಿಂದ ಏಳದೆಯೇ ಕಂಡುಹಿಡಿದರು.

2. ಗೋದಾಮಿನ ಬೀಗಕ್ಕೆ ಅರಗು ಮೆತ್ತಿ ಮೊಹರು ಒತ್ತುವುದು ಈ ಕಚೇರಿಯ ಹಳೆಯ ಪದ್ಧತಿ. ಉಲ್ಲೇಖ 1ರ ಮೇರೆಗೆ ಇದೇ ಪದ್ಧತಿಯನ್ನು ಜೀಪಿಗೂ ವಿಸ್ತರಿಸಲಾಯಿತು. ಇಂಜಿನ್ನಿನ ಬಿಸಿಗೆ ಅರಗು ಕರಗಿಹೋದ ಕಾರಣ ಎಂ-ಸೀಲು ಮೆತ್ತಿ, ಹಸಿ ಇರುವಾಗಲೇ ಇಲಾಖೆಯ ಮುದ್ರೆ ಒತ್ತಲಾಯಿತು. ಇಂಜಿನ್ನಿನ ಮತ್ತು ಎರಡೂ ಆಕ್ಸಲ್‌ಗಳ, ಅಂದರೆ ಚಕ್ರದ ಅಚ್ಚುಗಳ, ಬಿಸಿಗಾಳಿ ಹೊರಹೋಗಲು ಇರುವ ‘ಬ್ರೀದರ್’ ಎಂಬ ಸಣ್ಣ ಕೊಳವೆಗಳ ಬಾಯಿಗೂ ಮುದ್ರೆ ಬಿತ್ತು. ಆ ಕೊಳವೆಯಿಂದ ಇರುವೆಯೂ ಎಣ್ಣೆ ಕದಿಯಲಾರದು. ಆದರೆ ಇರುವೆಯನ್ನು ಸಂಶಯದಿಂದ ಹೊರಗಿಡಲು ನಿಯಮದಲ್ಲಿ ಅವಕಾಶವಿರಲಿಲ್ಲ.

3. ಭದ್ರತೆ ಬಿಗಿಯಾದಷ್ಟೂ ಎಣ್ಣೆ ಹೆಚ್ಚು ಹೋಗತೊಡಗಿತು. ಚಕ್ರಗಳ ಒಳಗೆಲ್ಲ ಎಣ್ಣೆಯಾಗಿ ಬ್ರೇಕು ಹಿಡಿಯದಾಯಿತು. ಇಂಜಿನ್ನು ಸಂದುಗೊಂದುಗಳಲ್ಲೆಲ್ಲ ಎಣ್ಣೆ ಕಾರಿತು. ಮೊಹರು ಮಾತ್ರ ಒಡೆದಿರಲಿಲ್ಲ. ಇಷ್ಟು ನಾಜೂಕಾಗಿ ಕದಿಯಲು ಪಳಗಿದ ಕೈಯೇ ಬೇಕೆಂದು ತರ್ಕಿಸಿ, ಶ್ರೀ ಗೂಳಪ್ಪ ಇವರ ಮೇಲೆ ವಿಚಾರಣೆ ಆರಂಭಿಸಲಾಯಿತು.

4. ಹಳ್ಳ ದಾಟಿ ಬಂದ ಮೇಲೆ ಆಕ್ಸಲ್‌ನ ಎಣ್ಣೆ ಹಾಲು ಹೆಚ್ಚಾದ ಚಹಾದಂತೆ ಬೆಳ್ಳಗಾಗಿತ್ತು. ಕದ್ದ ಎಣ್ಣೆಯ ಜಾಗಕ್ಕೆ ಹಾಲು ಸುರಿದಿದ್ದಾರೆಂಬ ಹೆಚ್ಚುವರಿ ಆರೋಪವನ್ನು ಸೇರಿಸಲಾಯಿತು. ಇದಕ್ಕೆ ಅವರು “ನಮ್ಮ ಮನ್ಯಾಗ ಚಾಕ್ಕ ಹಾಲ ಸಾಲೂದಿಲ್ರಿ, ಗಾಡಿಗೆಲ್ಲಿಂದ ತರ್ಲಿ?” ಎಂದರು. ಆರೋಪಿಯು ಹಾಲಿನ ಮೂಲವನ್ನು ಮುಚ್ಚಿಟ್ಟಿರುತ್ತಾರೆ ಎಂದು ದಾಖಲಾಯಿತು.

5. ಬಂಗೂರನಗರದ ಅವರ ಮನೆಯ ಬಾಗಿಲು ಕಿರುಗುಟ್ಟದೆ ತೆರೆದುಕೊಂಡದ್ದನ್ನು ತನಿಖಾ ತಂಡವು ಬಲವಾದ ಸಾಕ್ಷ್ಯವೆಂದು ಪರಿಗಣಿಸಿತು. ಅವರ ಪತ್ನಿ ಶ್ರೀಮತಿ ಶಂಕ್ರೆವ್ವ ಇವರು “ಕೊಬ್ರಿ ಎಣ್ಣಿ ಹಚ್ಚೇನ್ರಿ. ಬೇಕಂದ್ರ ಮೂಸಿ ನೋಡ್ರಿ” ಎಂದು ಸವಾಲು ಹಾಕಿದರು. ತಂಡವು ಸರದಿಯಂತೆ ಬಾಗಿಲ ತಿರುಗಣೆಯನ್ನು ಮೂಸಿ, ಪಂಚನಾಮೆ ಬರೆದು, ಚಹಾ ಕುಡಿದು ಬಂದಿತು.

6. ಜೀಪನ್ನು ಮುಟ್ಟಬಾರದೆಂದು ಶ್ರೀ ಗೂಳಪ್ಪ ಇವರಿಂದ ಕೀಲಿ ಪಡೆಯಲಾಯಿತು. ಆದರೂ ಅವರು ದಿನಾಲೂ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಬಂದು, ಶೆಡ್ಡಿನ ಹೊರಗೆ ನಿಂತು ಅದನ್ನು ನೋಡಿ ಹೋಗುತ್ತಿದ್ದರು. ಸಿಬ್ಬಂದಿಯ ನೋವನ್ನು ಸುತ್ತೋಲೆಯಲ್ಲಿ ನಮೂದಿಸುವ ರೂಢಿಯಿಲ್ಲ. ಅವರಿಗೆ ಬಹಳ ನೋವಾಗಿತ್ತು.

7. ಶ್ರೀ ದಾವಲಸಾಬ ಇವರು ಮೊದಲು “ಪಿಸ್ಟನ್ ರಿಂಗ್ ಸವದಾವ, ಇಂಜಿನ್ ಇಳಸೂಣು” ಎಂದಿದ್ದರು. ಪರಿಶೀಲನೆಯ ದಿನ ಇಂಜಿನ್ನು ಓಡುತ್ತಿರುವಾಗ ಸಾಹೇಬರು ಮೊಹರುಗಳನ್ನು ಎಣಿಸಲು ಬಗ್ಗಿದರು. ಅದೇ ಹೊತ್ತಿಗೆ ಮೆಕ್ಯಾನಿಕರು ಎಣ್ಣೆ ಅಳೆಯುವ ಕಡ್ಡಿಯ ಮೊಹರು ಒಡೆದರು. ಕಡ್ಡಿ ತಾನಾಗಿಯೇ ಹಾರಿ ಬಂದು, ಹಿಂದೆಯೇ ಬಂದ ಎಣ್ಣೆಯು ಉಲ್ಲೇಖ 3ನ್ನು ಕಾಲರಿನಿಂದ ಹೊಟ್ಟೆಯವರೆಗೆ ಆವರಿಸಿತು. ಆಗ ಬ್ರೀದರ್ ಮೇಲಿನ ಇಲಾಖಾ ಮುದ್ರೆ ಮೆಕ್ಯಾನಿಕರ ಕಣ್ಣಿಗೆ ಬಿತ್ತು. ಅದನ್ನು ಕೆತ್ತಿ ತೆಗೆದು ಕಡ್ಡಿಯನ್ನು ಮತ್ತೆ ಹಾಕಿದರೆ ಅದು ತೆಪ್ಪಗೆ ಕೂತಿತು. “ರಿಂಗ್ ಚಲೋ ಅದಾವ್ರಿ, ನಾನೂ ತಪ್ಪ ಹೇಳಿದ್ದೆ. ಉಸರ ಕಟ್ಟಿತ್ತ ಇದಕ್ಕ. ಬಿಸಿ ಗಾಳಿ ಹೋಗಾಕ ದಾರಿ ಇಲ್ಲಂದ್ರ ಎಣ್ಣಿ ನೂಕ್ಕೊಂಡ ಹೊರಗ ಬರ್ತೈತಿ. ಆಕ್ಸಲ್ ಬಿಸಿ ಇದ್ದಾಗ ಹಳ್ಳಕ್ಕ ಇಳಿಸಿದ್ರ, ತಣ್ಣಗಾಗಿ ಒಳಗ ನೀರ ಎಳ್ಕೋತೈತಿ. ಅದ ನಿಮ್ಮ ಹಾಲು” ಎಂದು ವರದಿ ಮಾಡಿದರು.

8. ಆದುದರಿಂದ ಈ ಕೆಳಗಿನಂತೆ ಆದೇಶಿಸಿದೆ:
(ಅ) ಜೀಪು ಕಚೇರಿ ವೇಳೆಯಲ್ಲಿ ಉಸಿರಾಡತಕ್ಕದ್ದು. ರಜಾದಿನಗಳಲ್ಲಿ ಉಸಿರಾಡಬೇಕಾದಲ್ಲಿ ಪೂರ್ವಾನುಮತಿ ಪಡೆಯತಕ್ಕದ್ದು.
(ಆ) ಆಕ್ಸಲ್‌ಗಳ ಬ್ರೀದರಿಗೆ ರಬ್ಬರ್ ಪೈಪು ಜೋಡಿಸಿ, ನೀರು ಮುಟ್ಟದ ಎತ್ತರಕ್ಕೆ ಒಯ್ಯತಕ್ಕದ್ದು. ಪೈಪಿನ ಬಾಯಿ ಯಾವುದೇ ಮೇಲಧಿಕಾರಿಯ ಕಡೆಗೆ ತಿರುಗಿರಕೂಡದು.
(ಇ) ಹಳ್ಳಕ್ಕೆ ಇಳಿಯುವ ಮೊದಲು ಜೀಪನ್ನು ನಿಲ್ಲಿಸಿ ತಣ್ಣಗಾಗಲು ಬಿಡತಕ್ಕದ್ದು. ಒಳಗೆ ಸಾಹೇಬರಿದ್ದಲ್ಲಿ ಅವರೂ ತಣ್ಣಗಾಗತಕ್ಕದ್ದು.
(ಈ) ಈ ಅನುಮತಿ ಜೀಪಿಗೆ ಮಾತ್ರ. ಉಸಿರು ಕಟ್ಟಿದಂತಾಗಿರುವ ಸಿಬ್ಬಂದಿ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.

9. ಕಳವು ನಡೆದೇ ಇಲ್ಲವಾದ್ದರಿಂದ ಶ್ರೀ ಗೂಳಪ್ಪ ಇವರಿಗೆ ಕೀಲಿ ಮರಳಿಸಲು ಕರೆಸಲಾಯಿತು. ಅವರು ಕೀಲಿ ಮುಟ್ಟಲಿಲ್ಲ. “ಗಾಡಿ ಬಿಡ್ತೇನ್ರಿ. ಆದ್ರ ಸಾಹೇಬ್ರು ನನ್ನ ಕಳ್ಳ ಅಂದದ್ದು ಗೇಟಿನ ಚಾದ ಅಂಗಡ್ಯಾಗ, ಮಂದಿ ಮುಂದ. ಅಲ್ಲ ಅನ್ನೂದೂ ಅಲ್ಲೇ ಆಗ್ಬೇಕು” ಎಂದರು. ಕಳ್ಳನೆಂದು ಕರೆಯಲು ನಮೂನೆ ಇದೆ, ಅಲ್ಲವೆಂದು ಹೇಳಲು ಇಲ್ಲ. ಸಾಹೇಬರು “ಏನಾರ ಬರಕೊಂಡ ಬರ್ರಿ, ಸಹಿ ಮಾಡ್ತೇನಿ” ಎಂದು ಪ್ರಥಮ ದರ್ಜೆ ಸಹಾಯಕಿ ಶೈಲಾ ಇವರಿಗೆ ಸೂಚಿಸಿದ ಮೇರೆಗೆ, ಇದನ್ನು ಬರೆಯಲಾಗಿದೆ.

ಸಹಿ/-
(ಮಹಾಬಳೇಶ್ವರ)
ಕಚೇರಿ ಮುಖ್ಯಸ್ಥರು
(ಎಂದಿನಂತೆ ಓದದೆ ಸಹಿ ಮಾಡಿರುತ್ತಾರೆ.)

ಪ್ರತಿಗಳು:
1. ಶ್ರೀ ದಾವಲಸಾಬ ಇವರಿಗೆ, ಗ್ಯಾರೇಜಿನ ಗೋಡೆಗೆ ಅಂಟಿಸಲು. ಯಾವುದೇ ತೂತು ಮುಚ್ಚುವಂತೆ ಅಂಟಿಸಕೂಡದು.
2. ಶ್ರೀಮತಿ ಶಂಕ್ರೆವ್ವ ಇವರಿಗೆ, ಬಾಗಿಲ ಮೇಲಿನ ಸಂಶಯವನ್ನು ಹಿಂಪಡೆದಿರುವ ಮಾಹಿತಿಗಾಗಿ.
3. ಜೀಪಿಗೆ, ಮುಂದಿನ ಗಾಜಿನ ಹಿಂದೆ ಇಡಲು.
4. ಗೇಟಿನ ಚಹಾ ಅಂಗಡಿಗೆ, ಕಾರ್ಖಾನೆಯ ಬೆಳಗಿನ ಪಾಳಿ ಮುಗಿದು ಮಂದಿ ಸೇರಿದಾಗ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಲು. ಓದುವವರು: ಮಹಾಬಳೇಶ್ವರ ಸಾಹೇಬರು, ಖುದ್ದಾಗಿ, ನಿಂತುಕೊಂಡು. ಶ್ರೀ ಗೂಳಪ್ಪ ಇವರು ಬೆಂಚಿನ ಮೇಲೆ ಕುಳಿತು ಕೇಳತಕ್ಕದ್ದು, ಏಳುವ ಅಗತ್ಯವಿರುವುದಿಲ್ಲ.