ಪುರಂದರರ ಗಾಜಿನ ಬಾಗಿಲು

"ಒಂದೇ ಒಂದು ಕಲೆ ಉಳಿದರೂ ನನ್ನ ಹೆಸರು ಪುರಂದರ ಅಲ್ಲ!"

ಏಕಾದಶಿಯ ಮಧ್ಯಾಹ್ನ, ಬರಿಹೊಟ್ಟೆಯಲ್ಲಿ, ಪುರಂದರರು ಹೀಗೊಂದು ಭೀಷಣ ಶಪಥ ಮಾಡಿದರು. ಶಪಥ ಮಾಡುವ ಯೋಗ್ಯತೆ ಅವರಿಗಿತ್ತು ಬಿಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ತಗಡಿನ ಮೇಲೆ ಕಲೆ ಹುಡುಕುವುದೇ ಅವರ ಉದ್ಯೋಗ. ಸಾಸಿವೆಯಷ್ಟು ಮಚ್ಚೆ ಕಂಡರೂ "ವಾಪಸ್" ಎಂದು ಇಡೀ ಸುರುಳಿಯನ್ನೇ ಹಿಂದಕ್ಕೆ ಕಳಿಸುವ ಮಹಾನುಭಾವರು. ಅಂಥವರ ಹೊಸಪೇಟೆಯ ಮನೆಯಲ್ಲೇ, ಶವರಿನ ಮುಂದಿನ ಗಾಜಿನ ಬಾಗಿಲು ಬೋರ್‌ವೆಲ್ ನೀರಿನ ಉಪ್ಪು ಹಿಡಿದು ಸುಣ್ಣ ಬಳಿದ ಗೋಡೆಯಂತಾಗಿತ್ತು.

ಆ ಬಾಗಿಲೆಂದರೆ ಪುರಂದರರಿಗೆ ಜೀವ. ಹಂಪಿಯ ಹತ್ತಿರದ ರೆಸಾರ್ಟಿನಲ್ಲಿ ಒಮ್ಮೆ ನೋಡಿ ಬಂದು, ಹೆಂಡತಿ ಬೇಡವೆಂದರೂ ಹಟ ಹಿಡಿದು ಹಾಕಿಸಿದ್ದರು. ಈಗ ಹೆಂಡತಿ ಪ್ರಿಯಂವದಾ ಕೊನೆಯ ಮಾತು ಹೇಳಿಬಿಟ್ಟಿದ್ದಳು.

"ನಾಳೆ ದ್ವಾದಶಿ ಪಾರಣಿಗೆ ನಮ್ಮಮ್ಮ ಬರ್ತಾಳ್ರಿ. ಈ ಗಾಜು ನೋಡಿ ಆಕಿ ಮೂಗು ಮುರದ್ರ, ಬಿಚ್ಚಿಸಿ ಪ್ಲಾಸ್ಟಿಕ್ ಪರದೆ ಹಾಕಸ್ತೀನಿ."

ಸಾಬೂನು ಸೋತಿತು, ಪುಡಿಯೂ ಸೋತಿತು. ಫ್ರಿಜ್ಜಿನಲ್ಲಿ ಹನ್ನೆರಡು ಲಿಂಬೆಹಣ್ಣು ಕಂಡವು. ಕೊಯ್ದು ತಿಕ್ಕಿದರು, ತಿಕ್ಕಿದರು, ರಟ್ಟೆ ಬಿದ್ದುಹೋಗುವವರೆಗೆ ತಿಕ್ಕಿದರು. ಸಂಜೆಯ ಹೊತ್ತಿಗೆ ಅಲ್ಲಿ ಗಾಜಿದೆಯೋ ಇಲ್ಲವೋ ಎಂದು ಕೈಯಾಡಿಸಿ ನೋಡಬೇಕಾಯಿತು.

ಮರುದಿನ ಮೊದಲ ಬಸ್ಸಿಗೇ ಸಂಡೂರಿನಿಂದ ಅತ್ತೆ ಭೀಮಾಬಾಯಿ ಬಂದಿಳಿದರು. "ಜಲ್ದಿ ಪೂಜಿ ಮುಗಸ್ರಿ ಅಳಿಯಂದಿರ, ಹೊಟ್ಟಿ ಬೆನ್ನಿಗೆ ಹತ್ತೇದ" ಎಂದರು. ಪುರಂದರರು ಸ್ನಾನ ಮಾಡಿ, ಮಡಿಯುಟ್ಟು, ಗೋಪಿಚಂದನ ತೇಯ್ದು ಹಣೆ, ಎದೆ, ಹೊಟ್ಟೆಗೆಲ್ಲ ನಾಮ ಹಚ್ಚಿಕೊಂಡರು. ಅದಿನ್ನೂ ಆರಿರಲಿಲ್ಲ, ಅಡುಗೆಮನೆಯಿಂದ ದನಿ ಬಂತು.

"ರೀ, ಲಿಂಬಿಹಣ್ಣು ಎಲ್ಲಿ ಹೋದ್ವು?"

ಆ ಮನೆಯಲ್ಲಿ ದ್ವಾದಶಿಯ ದಿನ ಹುಣಸೆಹಣ್ಣು ನಿಷಿದ್ಧ. ಸಾರಿಗೆ ಹುಳಿ ಬೇಕೆಂದರೆ ಲಿಂಬೆಯೇ ಗತಿ.

"ಅವು… ಗಾಜಿಗೆ ಹೋದ್ವು."

"ಹನ್ನೆರಡೂ?"

"ಎರಡೂ ಕಡೆ ತಿಕ್ಕಬೇಕಲ್ಲ."

ಭೀಮಾಬಾಯಿ ಎದ್ದು ನಿಂತರು. "ಅಂದ್ರ ನಾ ಇವತ್ತು ಸಪ್ಪನ ಸಾರು ಉಣಬೇಕು. ಆ ಗಾಜು ಹೆಂಗದ ತೋರಸ್ರಿ ನೋಡೋಣ."

ಬಾಗಿಲು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಉಂಟೇ? ಮಡಿಯಲ್ಲಿ ಬಚ್ಚಲಿಗೆ ಕಾಲಿಡಬಾರದೆಂಬುದೂ ಹೆಮ್ಮೆಯಲ್ಲಿ ಮರೆತುಹೋಯಿತು. "ಬರ್ರಿ ಬರ್ರಿ" ಎನ್ನುತ್ತ ಪುರಂದರರು ಮುಂದೆ ನಡೆದರು. ಬಾಗಿಲು ತೆರೆದೇ ಇದೆ ಎಂದುಕೊಂಡು ಧೀರವಾಗಿ ಒಳಗೆ ಹೆಜ್ಜೆಯಿಟ್ಟರು.

ಧಡ್! ಹೊಟ್ಟೆ ಮೊದಲು ಮುಟ್ಟಿತು, ಹಣೆ ಆಮೇಲೆ.

ಹಣೆ ಉಜ್ಜುತ್ತ ಹಿಂದೆ ಸರಿದರೆ, ಥಳಥಳ ಗಾಜಿನ ಮೇಲೆ ಎರಡು ಹಸಿ ನಾಮ. ಮೇಲೊಂದು, ಕೆಳಗೊಂದು. ಪ್ರಿಯಂವದಾ ಆಗಲೇ ಬಾಗಿಲು ಬಿಚ್ಚಿಸಲು ಫೋನಿನಲ್ಲಿ ಬಡಗಿ ಭರಮಣ್ಣನ ನಂಬರು ಹುಡುಕತೊಡಗಿದ್ದಳು.

"ಫೋನ್ ಇಡು" ಎಂದರು ಭೀಮಾಬಾಯಿ. "ನಾಮ ಹಚ್ಚಿಕೊಂಡು ನಿಂತದ. ಅದನ್ನ ಮನಿ ಬಿಡಿಸಬಾರ್ದು."

ಪುರಂದರರಿಗೆ ಹೋದ ಜೀವ ಬಂದಂತಾಯಿತು. ಒರೆಸಲು ಬಟ್ಟೆ ತೆಗೆದುಕೊಂಡರು.

"ಒರಸಬ್ಯಾಡ್ರಿ. ನಾನೂ ಮೂಗು ಜಜ್ಜಿಕೋಬೇಕೇನು? ದಿನಾ ನೀವು ನಾಮ ಹಚ್ಚಿಕೊಂಡ ಮ್ಯಾಲ ಅದಕ್ಕೂ ಎರಡು ಹಚ್ಚರಿ. ಗಾಜು ಅದ ಅಂತ ಮಂದಿಗೆ ತಿಳೀಲಿ. ಈಗ ಹೋಗಿ ಇನ್ನೊಮ್ಮೆ ಸ್ನಾನ ಮಾಡ್ರಿ, ಪೂಜಿ ಬಾಕಿ ಅದ."

ಅಂದಿನಿಂದ ಪುರಂದರರು ದಿನಾ ಬೆಳಿಗ್ಗೆ ಗಾಜು ತಿಕ್ಕುತ್ತಾರೆ, ಒರೆಸುತ್ತಾರೆ, ಒಂದೂ ಕಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ತಮ್ಮ ಕೈಯಾರೆ ಎರಡು ಕಲೆ ಹಚ್ಚಿ, ಕಾರ್ಖಾನೆಯ ಬಸ್ಸಿಗೆ ಓಡಲು ಚಪ್ಪಲಿ ಮೆಟ್ಟುತ್ತಾರೆ. ಅಷ್ಟರಲ್ಲಿ ಪ್ರಿಯಂವದಾ ಬಚ್ಚಲಿಗೆ ಇಣುಕಿ ನೋಡಿರುತ್ತಾಳೆ.

"ಕೆಳಗಿಂದು ಸೊಟ್ಟ ಆಗೇದ್ರಿ. ವಾಪಸ್."